ಪಕ್ಷದಲ್ಲಿ ಬಿಚ್ಚದ ಗಾಡಿ

ಕಾರು ಕೊಂಡವರು ಅದರಲ್ಲಿ ಊರೂರು ಸುತ್ತಿದ ಕಥೆ ಹೇಳುತ್ತಾರೆ. ನಾವು ಕಾರು ಕೊಂಡು ಸುತ್ತಿದ್ದು ಹೆಚ್ಚಾಗಿ ಒಂದೇ ಜಾಗಕ್ಕೆ, ಅದನ್ನು ನಮಗೆ ಮಾರಿದವರ ವರ್ಕ್‌ಶಾಪಿಗೆ. ಅದೂ ಕಾರಿನಲ್ಲಲ್ಲ, ರಿಕ್ಷಾದಲ್ಲಿ.

ಎಂಬತ್ತರ ದಶಕದ ನಡುವಿನ ಮಾತು ಇದು. ಧಾರವಾಡ ಬಿಟ್ಟು ಪುಣೆಗೆ ಬಂದು ನಾವು ಬೇರು ಬಿಟ್ಟಾಗಿತ್ತು. ನಮ್ಮ ಮನೆಯವರಿಗೆ ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಅದೂ ಗಾಡಿಗಳ ಗೇರು ಮಾಡುವ ವಿಭಾಗದಲ್ಲಿ. ದಿನವಿಡೀ ಗೇರಿನ ಹಲ್ಲು ಪರೀಕ್ಷೆ ಮಾಡಿ, ಸಂಜೆ ಮನೆಗೆ ಬಂದರೆ ಕೈತುಂಬ ಎಣ್ಣೆಯ ವಾಸನೆ. ನಾನು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ನಡೆಸುತ್ತಿದ್ದವರು ಮಾತ್ರ ನಾವಿಬ್ಬರೂ ಅಲ್ಲ, ನಮ್ಮ ಅತ್ತೆ.

ಅತ್ತೆ ನಡೆಸುತ್ತಿದ್ದರು ಎಂದರೆ ಅಡಿಗೆ ಮಾಡುತ್ತಿದ್ದರು ಎಂದಲ್ಲ. ಅವರು ‘ಬ್ಯಾಡ’ ಅನ್ನುತ್ತಿದ್ದರು. ಮಂಗಳವಾರ ಉಗುರು ತೆಗೀಬ್ಯಾಡ, ಅಮಾಸಿ ದಿನ ಹೊರಡಬ್ಯಾಡ, ದೀಪ ಹಚ್ಚಿದ ಮ್ಯಾಲೆ ಕಸಾ ಹೊಡೀಬ್ಯಾಡ. ಪಂಚಾಂಗ ಅವರ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಮದುವೆಯಾದ ಹೊಸತರಲ್ಲಿ ಒಂದೊಂದು ‘ಬ್ಯಾಡ’ಕ್ಕೂ ಒಳಗೊಳಗೇ ಕುದಿಯುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು. ಮನೆಗೆ ಬಂದವರು ಕೂಡ ಏನಾದರೂ ಶುರು ಮಾಡುವ ಮುಂಚೆ ಅವರ ಹತ್ತಿರ ಬಂದು ದಿನ ಕೇಳಿಕೊಂಡು ಹೋಗುತ್ತಿದ್ದರು, ಅವರೂ ಕನ್ನಡಕ ಏರಿಸಿ ನ್ಯಾಯಾಧೀಶರ ಗತ್ತಿನಲ್ಲಿ ಹೇಳಿ ಕಳಿಸುತ್ತಿದ್ದರು.

ಕಾರಿಗೆ ಹೆಸರು ಬರೆಸಿ ನಾವು ಕಾದದ್ದು ಬಹಳ ವರ್ಷ. ಮನೆಯವರು ಕಾರು ಬೇಕೆಂದದ್ದೇ ತಾಯಿಗಾಗಿ. ಅತ್ತೆಗೆ ಮೊಣಕಾಲು ನೋವು, ಎಸ್‌ಟಿ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಕೊನೆಗೆ ಒಂದು ಆಷಾಢ ಮುಗಿದ ಮೇಲೆ, ಅತ್ತೆಯೇ ಹೇಳಿದ ದಿನ, ಹೇಳಿದ ಹೊತ್ತಿಗೆ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ಬಿಳಿ ಬಣ್ಣದ ಪುಟ್ಟ ಕಾರನ್ನು ಮನೆಗೆ ತಂದೆವು.

ಮೊದಲ ಸರ್ವಿಸ್ ಇಷ್ಟು ತಿಂಗಳೊಳಗೆ ಮಾಡಿಸಬೇಕು ಎಂದು ಕಂಪನಿಯವರ ನಿಯಮ. ಆ ಗಡುವು ಬಂದದ್ದು ಭಾದ್ರಪದದಲ್ಲಿ. ಭಾದ್ರಪದದಲ್ಲಿ ಪುಣೆ ಹೇಗಿರುತ್ತದೆಂದು ಪುಣೆಯವರಿಗೆ ಹೇಳಬೇಕಿಲ್ಲ. ಗಣಪತಿ ಕೂತರೆ ರಸ್ತೆಗಳು ಬಂದ್, ಮೆಕ್ಯಾನಿಕ್ಕುಗಳೆಲ್ಲ ತಮ್ಮ ತಮ್ಮ ಮಂಡಳದ ಪೆಂಡಾಲಿನಲ್ಲಿ. ಅನಂತ ಚತುರ್ದಶಿ ಮುಗಿದ ಮೇಲೆ ಬನ್ನಿ ಎಂದು ವರ್ಕ್‌ಶಾಪಿನವರೇ ಹೇಳಿದರು. ಚತುರ್ದಶಿ ಮುಗಿಯಿತು, ಮರುದಿನವೇ ಪಿತೃಪಕ್ಷ ಬಂತು. ಮನೆಯವರು ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದರು.

“ಪಕ್ಷದಾಗ ಹೊಸಾ ಗಾಡಿ ಹೊಟ್ಟಿ ಬಿಚ್ಚಸ್ತಾರೇನು?” ಎಂದರು ಅತ್ತೆ. “ನಿಮ್ಮಪ್ಪನ ತಿಥಿ ಇನ್ನೂ ಬಾಕಿ ಅದ. ಬ್ಯಾಡ.”

“ಅವ್ವಾ, ಬರೇ ಎಣ್ಣಿ ಬದಲ ಮಾಡ್ತಾರ.”

“ಎಣ್ಣಿ ಆದ್ರೂ ಅಷ್ಟ, ಏನಾದ್ರೂ ಅಷ್ಟ. ನವರಾತ್ರಿ ಘಟ ಕೂಡಲಿ, ಖಂಡೇನವಮಿ ಪೂಜಿ ಆಗಲಿ, ಆಮ್ಯಾಲೆ ಛಂದಂಗ ಕೊಟ್ಟು ಬಾ.”

ಮನೆಯವರು ಕೀಲಿಯನ್ನು ಮೊಳೆಗೆ ತೂಗುಹಾಕಿದರು. ಖಂಡೇನವಮಿಗೆ ಕಾರಿಗೆ ಚೆಂಡುಹೂವಿನ ಮಾಲೆ ಬಿತ್ತು, ಬಾನೆಟ್ಟಿನ ಮೇಲೆ ಅತ್ತೆ ಕುಂಕುಮದಲ್ಲಿ ಸ್ವಸ್ತಿಕ ಬರೆದರು. ದಸರೆ ಕಳೆದ ಮೇಲೆ ಸರ್ವಿಸ್ ಆಯಿತು. ವರ್ಕ್‌ಶಾಪಿನವರು ತಡವಾಯಿತೆಂದು ಒಂದು ಮಾತು ಆಡಲಿಲ್ಲ. ನಾವು ಕೊಟ್ಟ ಪೇಡೆ ತಿಂದು, ಸರ್ವಿಸ್ ಪುಸ್ತಕಕ್ಕೆ ಠಸ್ಸೆ ಒತ್ತಿ ಕಳಿಸಿದರು.

ಸಂಕ್ರಾಂತಿ ಆದ ಮೇಲೆ ಅತ್ತೆಯನ್ನು ಕೊಲ್ಲಾಪುರದ ಮಹಾಲಕ್ಷ್ಮಿಗೆ ಕರೆದುಕೊಂಡು ಹೊರಟೆವು. ಕಾತ್ರಜ ಘಾಟಿನವರೆಗೂ ಹೋಗಲಾಗಲಿಲ್ಲ ಅಂತಲ್ಲ, ಘಾಟಿನ ಅರ್ಧದವರೆಗೆ ಹೋದೆವು. ಏರಿನಲ್ಲಿ ಮೂರನೇ ಗೇರು ತಾನಾಗಿಯೇ ಹೊರಗೆ ಬಂತು. ಮತ್ತೆ ಹಾಕಿದರೆ ಒಳಗಿಂದ ಕರಕರ ಸದ್ದು, ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗೆ. ಆಮೇಲೆ ಒಂದು ಪೆಟ್ಟು, ಅಷ್ಟೆ. ಎಂಜಿನು ಓಡುತ್ತಿದೆ, ಗಾಡಿ ನಿಂತಿದೆ. ಹಿಂದೆ ಕಬ್ಬಿನ ಲಾರಿ, ಅದರ ಹಿಂದೆ ಎಸ್‌ಟಿ ಬಸ್ಸು, ಎಲ್ಲರೂ ಹಾರ್ನ್ ಹೊಡೆಯುವವರೇ. ಮನೆಯವರು ಕೈಯನ್ನು ಗೇರಿನ ಮೇಲೆ ಇಟ್ಟುಕೊಂಡೇ ಕೂತಿದ್ದರು.

“ಹಲ್ಲು ಮುರದಾವ,” ಎಂದರು. ಬೇರೆಯವರ ಗೇರಿನ ಹಲ್ಲು ನೋಡಿ ನೋಡಿ ಕಣ್ಣು ಸವೆಸಿಕೊಂಡ ಮನುಷ್ಯ. ತನ್ನದೇ ಗಾಡಿಯಲ್ಲಿ ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು. ಅತ್ತೆ ಮಾತ್ರ ಹಿಂದಿನ ಸೀಟಿನಿಂದ, “ಗ್ಯಾರಂಟಿ ಅದ ಅಲ್ಲ? ಮತ್ಯಾಕ ಚಿಂತಿ?” ಎಂದರು.

ಆ ಗ್ಯಾರಂಟಿಯ ಬೆನ್ನು ಹತ್ತಿದ್ದೇ ನಮ್ಮ ಮುಂದಿನ ತಿಂಗಳುಗಳ ಕೆಲಸ. ಮೊದಲು ವರ್ಕ್‌ಶಾಪಿನವರು, ನಿಮ್ಮ ಡ್ರೈವಿಂಗ್ ಸರಿಯಿಲ್ಲ, ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತೀರಿ ಎಂದರು. ಆಮೇಲೆ ಕಂಪನಿಯ ಇಂಜಿನಿಯರು ಬಂದು ನೋಡಬೇಕು ಎಂದರು. ಅವರು ಯಾವಾಗ ಬರುತ್ತಾರೆ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ನಾನು ಶಾಲೆ ಬಿಟ್ಟು ಹೋದರೆ ಮಧ್ಯಾಹ್ನದ ವಿಶ್ರಾಂತಿಗೆ ಕೌಂಟರು ಮುಚ್ಚಿರುತ್ತಿತ್ತು. ಪುಣೆಯಲ್ಲಿ ಆ ಹೊತ್ತಿಗೆ ಬಾಗಿಲು ಬಡಿದರೆ ದೇವರೂ ಏಳುವುದಿಲ್ಲ. ನಾಲ್ಕಕ್ಕೆ ತೆಗೆದರೆ ಸಾಹೇಬರು ಹೊರಗೆ ಹೋಗಿರುತ್ತಿದ್ದರು. ನಾನು ಜಗಳ ಆಡಿದೆ, ಮರಾಠಿಯಲ್ಲಿ ಆಡಿದೆ, ಮರಾಠಿ ಸಾಲದೆ ಬಂದಾಗ ಕನ್ನಡದಲ್ಲೂ ಆಡಿದೆ. ಅವರು ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿ ಚಹಾ ತರಿಸುತ್ತಿದ್ದರು. ಚಹಾ ಕುಡಿದ ಮೇಲೆ ಜಗಳ ಮುಂದುವರಿಸುವುದು ಕಷ್ಟ.

ನಮ್ಮ ಕಾರು ಶೆಡ್ಡಿನ ಹಿಂದೆ ಧೂಳು ಹಿಡಿದು ನಿಂತಿತ್ತು. ಮನೆಯವರು ಅದರ ಬಳಿ ಹೋಗಿ ಬಗ್ಗಿ ನೋಡಿ ಬರುತ್ತಿದ್ದರು. ತಾವೇ ಬಿಚ್ಚಿದರೆ ಸರಿಮಾಡಿಯಾರು, ಆದರೆ ಹೊರಗಿನವರು ಕೈ ಹಾಕಿದರೆ ಗ್ಯಾರಂಟಿ ಹೋಗುತ್ತದೆ. ಹಸಿದವನ ಮುಂದೆ ಊಟ ಇಟ್ಟು ಕೈ ಕಟ್ಟಿದ ಹಾಗೆ.

ಒಂದು ಸಂಜೆ ಅವರು ಮೆಟ್ಟಿಲ ಬಳಿಯೇ ನನ್ನನ್ನು ನಿಲ್ಲಿಸಿದರು. ಮುಖದಲ್ಲಿ ಕಳೆಯಿರಲಿಲ್ಲ.

“ಖರೇ ಸಂಗತಿ ಹೇಳಿಬಿಟ್ರು,” ಎಂದರು. “ಮೊದಲನೇ ಸರ್ವಿಸ್ ತಡಾ ಆಗೇದಂತ. ಗಡುವು ದಾಟಿತ್ತು ಅಂದ್ರ ಗ್ಯಾರಂಟಿ ಇಲ್ಲಂತ.”

“ಮತ್ತ ಠಸ್ಸೆ ಯಾಕ ಹೊಡದ್ರಂತ? ಪೇಡೆ ಯಾಕ ತಿಂದ್ರಂತ?”

“ಮೆಲ್ಲಕ ಮಾತಾಡು. ಅವ್ವಗ ಇದು ಗೊತ್ತಾಗಬಾರದು.”

ಅವರು ಯಾವುದಕ್ಕೆ ಹೆದರಿದ್ದಾರೆಂದು ನನಗೆ ತಕ್ಷಣ ತಿಳಿಯಿತು. ದುಡ್ಡಿನ ಚಿಂತೆ ಅಲ್ಲ ಅದು. ಗಂಡ ತೀರಿಕೊಂಡ ಮೇಲೆ ಆ ಹೆಂಗಸಿಗೆ ಮನೆಯಲ್ಲಿ ಉಳಿದದ್ದು ಒಂದು ಮಾತಿನ ಬೆಲೆ ಮಾತ್ರ. ಅವರ ಮಾತು ಕೇಳಿದ್ದಕ್ಕೇ ಕಾರು ಹೋಯಿತೆಂದು ಗೊತ್ತಾದರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ. ಮಗ ಕಾಯಲು ಹೊರಟದ್ದು ಅದನ್ನು.

ಹಾಗಾಗಿ ನಾವಿಬ್ಬರೂ ಸುಳ್ಳು ಹೇಳತೊಡಗಿದೆವು. ಮುಂಬೈಯಿಂದ ಪಾರ್ಟು ಬರಬೇಕು, ಬಂದಿದೆ ಆದರೆ ಬೇರೆ ಅಳತೆಯದು ಬಂದಿದೆ, ಅಲ್ಲಿ ಮುಷ್ಕರ ನಡೆದಿದೆ. ಅತ್ತ ವರ್ಕ್‌ಶಾಪಿನವರು ನಮಗೆ ಹೇಳುತ್ತ ಬಂದಂಥ ಸುಳ್ಳುಗಳನ್ನೇ ಇತ್ತ ನಾವು ಅತ್ತೆಗೆ ಹೇಳುತ್ತಿದ್ದೆವು. ಮನೆಯವರು ರಜೆ ಹಾಕಿ ಮೇಲಿನ ಆಫೀಸಿಗೆ ಅಲೆಯುತ್ತಿದ್ದರು, ಯಾರಾದರೂ ಒಬ್ಬ ದೊಡ್ಡ ಮನುಷ್ಯ ಮನಸ್ಸು ಮಾಡಿ ಗ್ಯಾರಂಟಿ ಕೊಟ್ಟರೆ ತಡವಾದ ಮಾತು ಅಲ್ಲೇ ಮುಚ್ಚಿಹೋದೀತು ಎಂದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೇಲಿನವರು ಕೆಳಗಿನವರನ್ನು ಕೇಳಿ ಎನ್ನುತ್ತಿದ್ದರು, ಕೆಳಗಿನವರು ಮೇಲಿನವರನ್ನು. ನಮಗೆ ಸಾಕಾಗಿ ಹೋಯಿತು.

ಬೇಸಿಗೆಯ ಒಂದು ಬೆಳಿಗ್ಗೆ, ಮನೆಯವರು ಡ್ಯೂಟಿಗೆ ಹೋದ ಮೇಲೆ, ಅತ್ತೆ ಇಳಕಲ್ಲ ಸೀರೆ ಉಟ್ಟು ಹೊರಗಿನ ಕೋಣೆಗೆ ಬಂದರು.

“ರಿಕ್ಷಾ ಕರಿ. ನಾನ ಹೋಗಿ ಕೇಳತೀನಿ. ನನ್ನ ಮಗಾ ಸೊರಗಿ ಕಡ್ಡಿ ಆಗ್ಯಾನ.”

“ಅತ್ತೀ, ನಿಮಗ ಕಾಲು ನೋವು. ಅವರ ಹೋಗ್ತಾರ ಬಿಡ್ರಿ.”

“ಅಂವಾ ಮೆತ್ತಗ ಮಾತಾಡ್ತಾನ. ನೀ ಬರೇ ಒದರ್ತಿ. ನಡಿ.”

ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಆ ಮನೆಯಲ್ಲಿ ಆ ಶಬ್ದ ಆಡುವ ಹಕ್ಕು ನನ್ನದಾಗಿರಲಿಲ್ಲ.

ಮ್ಯಾನೇಜರರು ನಡುವಯಸ್ಸಿನವರು, ಹಣೆಗೆ ಗಂಧ ಹಚ್ಚಿಕೊಂಡವರು. ವಯಸ್ಸಾದವರನ್ನು ಕಂಡು ಎದ್ದು ನಿಂತು “ಆಜೀ, ಬಸಾ” ಎಂದು ಕೂರಿಸಿದರು. ಅತ್ತೆ ತಮ್ಮ ಧಾರವಾಡದ ಮರಾಠಿಯಲ್ಲಿ ಶುರುಮಾಡಿದರು. ಮಾರುವಾಗ ಕೈ ಮುಗಿದಿರಿ, ಈಗ ಮುಖ ತೋರಿಸುವುದಿಲ್ಲ, ಇದೆಂಥ ಗ್ಯಾರಂಟಿ? ನಾನು ನಡುವೆ ಬಾಯಿ ಹಾಕಲು ನೋಡಿದೆ. ಅತ್ತೆ ಕೈಯಿಂದಲೇ ತಡೆದರು.

ಮ್ಯಾನೇಜರರು ಪಾಪ, ಸಮಾಧಾನದಿಂದಲೇ ಹೇಳಿದರು. “ಆಜೀ, ನಮ್ಮ ಕೈಯಲ್ಲಿ ಏನೂ ಇಲ್ಲ. ಮೊದಲ ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗಿಲ್ಲ. ನೀವು ದಸರೆ ಆದ ಮೇಲೆ ಬಂದಿರಿ. ಯಾಕೆ ತಡಮಾಡಿದಿರಿ?”

ಅತ್ತೆ ಸುಳ್ಳು ಹೇಳಬಹುದಿತ್ತು. ಹೇಳುವ ಜನ ಅಲ್ಲ ಅವರು.

“ಪಿತೃಪಕ್ಷ ಇತ್ತು,” ಎಂದರು. “ನಾನೇ ಬೇಡ ಅಂದೆ. ನೀವಾದರೆ ಪಕ್ಷದಲ್ಲಿ ಹೊಸ ಗಾಡಿ ಬಿಚ್ಚಿಸುತ್ತಿದ್ದಿರಾ?”

“ಇಲ್ಲ ಆಜೀ,” ಎಂದರು ಅವರು. “ನಮ್ಮ ಮನೆಯಲ್ಲೂ ಬಿಚ್ಚಿಸುತ್ತಿರಲಿಲ್ಲ. ಆದರೆ ಕಂಪನಿಗೆ ಪಕ್ಷ ಇಲ್ಲ.”

ಚಹಾ ಬಂತು. ಅತ್ತೆ ಮುಟ್ಟಲಿಲ್ಲ. ರಿಕ್ಷಾದಲ್ಲಿ ಅರ್ಧ ದಾರಿ ಬಂದ ಮೇಲೆ, ನನ್ನ ಕಡೆ ನೋಡದೆ ಕೇಳಿದರು.

“ನಿನಗ ಮೊದಲ ಗೊತ್ತಿತ್ತೇನು?”

“ಹೌದ್ರಿ.”

“ಅವಗ?”

“ಅವರ ಹೇಳಬ್ಯಾಡ ಅಂದ್ರು, ಅತ್ತೀ.”

ಅವರು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

ಸಂಜೆ ಮಗ ಬಂದೊಡನೆ ಅವರೇ ಹೇಳಿದರು. ಮನೆಯವರು ತಾಯಿಯ ಕಾಲ ಬಳಿ ಕೂತು ಬಿಡಿಸಿ ಬಿಡಿಸಿ ಹೇಳಿದರು. “ಅವ್ವಾ, ನೀ ಹೇಳಿದ್ದಕ್ಕ ಮುರದಿಲ್ಲ ಅದು. ಗೇರಿನ ಉಕ್ಕಿಗೆ ಕಾವು ಸರಿ ಕೊಟ್ಟಿಲ್ಲ ಅವರು. ತಿಂಗಳ ಮೊದಲ ಎಣ್ಣಿ ಬದಲ ಮಾಡಿಸಿದ್ರೂ ಆ ಹಲ್ಲು ಮುರೀತಿತ್ತು. ತಡಾ ಅನ್ನೂದು ಅವರಿಗೊಂದು ನೆವ.”

“ಹಲ್ಲು ಯಾಕ ಮುರೀತು ಅಂತ ನಾ ಕೇಳ್ಲಿಲ್ಲಪಾ,” ಎಂದರು ಅತ್ತೆ. “ನೆವಾ ಕೊಟ್ಟಾಕಿ ನಾನ.”

ಕಾರು ನಮ್ಮ ಖರ್ಚಿನಲ್ಲೇ ರಿಪೇರಿಯಾಗಿ ಮಳೆಗಾಲದ ಹೊತ್ತಿಗೆ ಮನೆಗೆ ಬಂತು. ಕೊಲ್ಲಾಪುರಕ್ಕೂ ಹೋಗಿ ಬಂದೆವು. ಕಾತ್ರಜದ ಏರನ್ನು ಗಾಡಿ ಸಲೀಸಾಗಿ ಹತ್ತಿತು. ಯಾವ ದಿನ ಹೊರಡೋಣ ಎಂದು ಕೇಳಿದ್ದಕ್ಕೆ ಅತ್ತೆ, “ನಿಮ್ಮ ರಜಾ ಯಾವಾಗದನೋ ಅವಾಗ,” ಎಂದಿದ್ದರು. ನಾವು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆಮೇಲೆ ಪಕ್ಕದ ಮನೆಯವರು ಮಗಳ ನಿಶ್ಚಯಕ್ಕೆ ದಿನ ಕೇಳಲು ಬಂದರು. ಅತ್ತೆ ಪಂಚಾಂಗವನ್ನು ಅವರ ಕೈಗೇ ಕೊಟ್ಟು, ನೀವೇ ನೋಡಿಕೊಳ್ಳಿ ಎಂದು ಒಳಗೆ ಹೋದರು. ನಾನು ಮಂಗಳವಾರ ಅವರ ಎದುರಿಗೇ ಕೂತು ಉಗುರು ಕತ್ತರಿಸಿದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. ತಮ್ಮ ಮಟ್ಟಿಗೆ ಅವರು ಯಾವ ನೇಮವನ್ನೂ ಬಿಟ್ಟಿರಲಿಲ್ಲ. ನಮಗೆ ಹೇಳುವುದನ್ನು ಮಾತ್ರ ಬಿಟ್ಟಿದ್ದರು.

ವರ್ಷಾನುಗಟ್ಟಲೆ ಯಾವ ಮಾತಿಗೆ ಹಲ್ಲು ಕಡಿದಿದ್ದೆನೋ ಆ ಮಾತಿಲ್ಲದೆ ಮನೆ ನನಗೆ ತಿನ್ನಲು ಬರುತ್ತಿತ್ತು. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡಬೇಕು ಎಂದೂ ಗೊತ್ತಾಗಲಿಲ್ಲ. ಮುರಿದ ಗೇರಿಗಾದರೆ ಬೇರೆ ಗೇರು ಸಿಕ್ಕಿತು.

ಮತ್ತೆ ಪಿತೃಪಕ್ಷ ಬಂತು. ಶಾಲೆ ಬಿಟ್ಟವಳು ನೆಟ್ಟಗೆ ಲಕ್ಷ್ಮೀ ರಸ್ತೆಗೆ ಹೋದೆ. ಪಕ್ಷದಲ್ಲಿ ಸೀರೆ ಅಂಗಡಿಗಳಲ್ಲಿ ಗಿರಾಕಿಯೇ ಇರುವುದಿಲ್ಲ, ಅಂಗಡಿಯವನು ನನ್ನನ್ನು ಎರಡೆರಡು ಸಲ ನೋಡಿದ. ಎದ್ದು ಕಾಣುವಂಥ ಒಂದು ಗಿಣಿಹಸಿರು ಸೀರೆ ಕೊಂಡೆ. ಮನೆಗೆ ಬಂದು, ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆಯ ಮುಂದೆ ಮಡಿಕೆ ಬಿಚ್ಚಿ ಹಾಸಿದೆ.

“ಅತ್ತೀ, ಹೊಸಾ ಸೀರಿ ತಂದೀನ್ರಿ. ಇವತ್ತ ಉಡಲೇನ್ರಿ?”

ಅವರ ಕೈ ನಿಂತಿತು. ತುಟಿ ಅಲುಗಿದ್ದನ್ನು ನಾನು ನೋಡಿದೆ. ಅನ್ನಲಿ, ಒಂದು ಸಲ ಬಾಯಿ ತುಂಬ ಬೈಯಲಿ, ಮಾವನವರ ತಿಥಿ ಬಾಕಿ ಇದೆ, ನಿನಗೆ ಬುದ್ಧಿ ಇಲ್ಲವೇ ಎನ್ನಲಿ ಎಂದು ಕಾದೆ. ಅವರು ಹೊಸ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟರು.

“ಬಣ್ಣ ಛಲೋ ಅದ,” ಎಂದರು. ಮತ್ತೆ ಬತ್ತಿ ಹೊಸೆಯತೊಡಗಿದರು.

ನಾನು ಒಳಗೆ ಹೋಗಿ ಸೀರೆ ಮಡಿಚಿ ಕಪಾಟಿನಲ್ಲಿಟ್ಟೆ. ಪಕ್ಷ ಮುಗಿದು ಘಟ ಕೂಡುವವರೆಗೂ ಅದನ್ನು ಉಡಲಿಲ್ಲ. ಉಡಬೇಡ ಎಂದು ಯಾರೂ ಹೇಳಿರಲಿಲ್ಲ.