ಕಾಯ್ದೆ ಬೋರಯ್ಯನವರು
ನಂಜನಗೂಡಿನ ಕೋರ್ಟಿನೆದುರು ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಕೂತು ಅರ್ಜಿ ಬರೆಯುವ ಬೋರಯ್ಯನವರಿಗೆ ಗೊತ್ತಿಲ್ಲದ ಕಾಯ್ದೆಯೇ ಇಲ್ಲ. ವಿಚ್ಛೇದನ ಬೇಕೆಂದು ಅಳುತ್ತ ಬಂದವಳಿಗೆ "ಮೊದ್ಲು ಮಜ್ಜಿಗೆ ಕುಡಿ ಕಣವ್ವ, ಆಮೇಲೆ ಗಂಡನ್ನ ಬಿಡುವಂತೆ" ಎನ್ನುತ್ತಾರೆ, ಕೆಲಸ ಕಳೆದುಕೊಂಡು ಕುದಿಯುತ್ತ ಬಂದವನಿಗೆ "ನೋಟೀಸ್ ಕೊಡ್ನಿಲ್ವಾ? ಅಂಗಾರೆ ನೀನೇ ಗೆದ್ದೆ ಓಗ್ಲಾ" ಎಂದು ಬೆನ್ನು ತಟ್ಟುತ್ತಾರೆ. ನಿದ್ದೆಯಲ್ಲೂ ಸೆಕ್ಷನ್ ನಂಬರು ಕನವರಿಸುವ ಈ ಮನುಷ್ಯ ಒಮ್ಮೆ ಮಾತ್ರ ಯಾವ ಕಾಯ್ದೆಯಲ್ಲೂ ಇಲ್ಲದ ಅರ್ಜಿ ಬರೆಯಬೇಕಾಯಿತು. ಕಾರ್ಖಾನೆಯ ಅಪಘಾತದಲ್ಲಿ ತೀರಿಕೊಂಡ ಗಂಡ ಸಿದ್ದುವಿನ ಪರಿಹಾರ ಕೇಳಲು ಹೆಡತಲೆ ಊರಿನ ಬಿಂದುಶ್ರೀ ಅವನ ಹಾಜರಿ ಪಟ್ಟಿ ತಂದಿದ್ದಳು. ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆಯೂ ಏಳು ಐವತ್ತನಾಲ್ಕಕ್ಕೆ ಸಿದ್ದುವಿನ ಬೆರಳಚ್ಚು ಬಿದ್ದಿತ್ತು. ಅದರ ಮಾರನೆಯ ದಿನವೂ ಬಿದ್ದಿತ್ತು. ಅವಳು ಪಟ್ಟಿ ತಂದ ದಿನದ ಬೆಳಿಗ್ಗೆಯದೂ ಅದರಲ್ಲಿತ್ತು. "ಪಂಚಿಂಗ್ ಮೆಷಿನ್ ಕೆಟ್ಟಿರ್ಬೇಕು ಕಣವ್ವ" ಎಂದ ತಮ್ಮ ಮಾತನ್ನು ಬೋರಯ್ಯನವರೇ ನಂಬಲಿಲ್ಲ. ಬಿಂದುಶ್ರೀ ಹೆದರಲಿಲ್ಲ. "ಒಂದಿನಾನೂ ತಪ್ಪುಸ್ದೋರಲ್ಲ ಸಾ. ಪರಿಹಾರ ಆಮೇಲಾಗ್ಲಿ, ಮೊದ್ಲು ಅವ್ರಿಗೆ ರಜಾ ಕೊಡ್ಸಿ" ಎಂದಳು. ಬೋರಯ್ಯನವರು ರಜೆಯ ಅರ್ಜಿ ಬರೆಯತೊಡಗಿ, "ಕಾರಣ ಏನೂಂತ ಬರೀಲವ್ವ?" ಎಂದು ಕೇಳಿದರು. "ದಣ್ದವ್ರೆ ಅಂತ ಬರೀರಿ ಸಾ" ಎಂದಳು. ಅರ್ಜಿ ಕಾರ್ಖಾನೆಗೆ ಮುಟ್ಟಿದ ಮರುದಿನದಿಂದ ಆ ಬೆರಳಚ್ಚು ಬೀಳಲಿಲ್ಲ.