ಎಂಟು ಸಿಲಿಂಡರಿನ ಎರಡನೆಯ ಸಂಬಂಧ

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗಬೇಕೋ ಬೇಡವೋ ಎಂಬುದನ್ನು ಒಂದು ಇಂಜಿನ್ ತೀರ್ಮಾನಿಸಬೇಕಾಗಿತ್ತು. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ, ಆಗ ನನಗೆ ಮಾತ್ರ ನಗು ಬಂದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಇಚಲಕರಂಜಿಯಲ್ಲಿ ನಮ್ಮದು ಆರು ಮಗ್ಗಗಳ ಶೆಡ್ಡು, ಅದಕ್ಕೆ ಅಂಟಿಕೊಂಡ ಎರಡು ಖೋಲಿಯ ಮನೆ. ಮನೆಯಲ್ಲಿ ಗಂಡ, ಅತ್ತೆ, ನಾನು. ಗಂಡನನ್ನು ಹೆಸರು ಹಿಡಿದು ಕರೆಯುವ ಕಾಲವಲ್ಲ, ಹಾಗಾಗಿ ಇಲ್ಲಿಯೂ ಅವರು 'ಇವರು' ಎಂದೇ ಇರಲಿ. ಮಗ್ಗಗಳ ಸದ್ದಿನಲ್ಲಿ ಬೆಳೆದ ಇವರು 'ಉಪ್ಪು ಕೊಡು' ಎಂಬುದನ್ನೂ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಊರಿನ ಮಂದಿ ಪಾಳಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಇವರ ಹತ್ತಿರ ಒಂದು ಅಮೆರಿಕದ ಕಾರಿತ್ತು. ಮುಂಬೈಯಲ್ಲಿ ಯಾವನೋ ಪರದೇಶಿ ಸಾಹೇಬ ಬಿಟ್ಟುಹೋದದ್ದು ಕೊಲ್ಲಾಪುರದ ಒಬ್ಬ ಶೋಕಿಲಾಲನ ಕೈಗೆ ಬಂದು, ಅವನಿಗೂ ಸಾಕಾಗಿ, ಕೊನೆಗೆ ಇವರ ಕೊರಳಿಗೆ ಬಿದ್ದಿತ್ತು. ಎರಡೇ ಬಾಗಿಲು, ಎಂಟು ಸಿಲಿಂಡರು, ಓಡುವುದಕ್ಕಿಂತ ಗುಡುಗುವುದೇ ಹೆಚ್ಚು. ಮೂಗು ಎಷ್ಟು ಉದ್ದವೆಂದರೆ ಓಣಿಯ ತಿರುವಿನಲ್ಲಿ ಮೊದಲು ಅದು ಕಾಣಿಸಿ, ಒಂದು ಬೀಡಿ ಸೇದುವಷ್ಟು ಹೊತ್ತಾದ ಮೇಲೆ ಇವರು ಕಾಣಿಸುತ್ತಿದ್ದರು.

ನಮ್ಮ ಮದುವೆಗೂ ಇವರು ಅದರಲ್ಲೇ ಹೊರಟಿದ್ದರು. ನನ್ನ ತವರು ಗಡಹಿಂಗ್ಲಜ. ನಿಪ್ಪಾಣಿ ದಾಟಿ, ತವಂದಿ ಘಾಟು ಏರಿ, ಸಂಕೇಶ್ವರದಲ್ಲಿ ಬಲಕ್ಕೆ ತಿರುಗಬೇಕು. ಘಾಟಿನಲ್ಲಿ ಎರಡು ಸಿಲಿಂಡರು ಕೈಕೊಟ್ಟವು. ಕಾರು ಕೆಮ್ಮುತ್ತ ಕುಂಟುತ್ತ ಬಂದು ನಮ್ಮೂರ ಹೊರಗೆ ಉಸಿರು ಬಿಟ್ಟಿತು. ಮೆಣಸಿನಕಾಯಿ ವ್ಯಾಪಾರದ ನಮ್ಮಪ್ಪ ತನ್ನ ಚಕ್ಕಡಿಯ ಎತ್ತುಗಳನ್ನು ಕಳಿಸಿ, ಬಾಸಿಂಗ ಕಟ್ಟಿಕೊಂಡ ಅಳಿಯನನ್ನು ಕಾರಿನ ಸಮೇತ ಚಪ್ಪರಕ್ಕೆ ಎಳೆಸಿ ತಂದ. ಅಷ್ಟಕ್ಕೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು.

"ಎಂಟು ಸಿಲಿಂಡರ್ ಮಾಡಲಾರದ್ದನ್ನ ನಮ್ಮ ಎರಡು ಎತ್ತು ಮಾಡಿದ್ವು ನೋಡ್ರಿ" ಎಂದು ಊಟದ ಪಂಕ್ತಿಯಲ್ಲಿ ಹೇಳಿಬಿಟ್ಟ. ಇಡೀ ಪಂಕ್ತಿ ನಕ್ಕಿತು.

ಇವರು ಎಲೆಯ ಮುಂದಿನಿಂದ ಎದ್ದು ನಿಂತರು. "ಇನ್ನ ನಿಮ್ಮ ಬಾಗಲಿಗೆ ಬಂದ್ರ ಇದ ಗಾಡಿಯೊಳಗ, ನಿಮ್ಮ ಮಗಳನ್ನ ಬಾಜೂಕ ಕೂಡಿಸ್ಕೊಂಡು, ಘಾಟ್ ಏರೇ ಬರ್ತೇನ್ರಿ. ಅಲ್ಲೀತನಾ ನಾನೂ ಬರೂದಿಲ್ಲ, ಆಕಿನೂ ಬರೂದಿಲ್ಲ."

ತಲೆಯ ಮೇಲಿನ ಅಕ್ಷತೆ ಇನ್ನೂ ಉದುರಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ.

ಒಂದೂವರೆ ವರ್ಷ ನಾನು ಗಡಹಿಂಗ್ಲಜದ ಮುಖ ನೋಡಲಿಲ್ಲ. ಬಸುರಿಯಾದೆ. ಏಳನೆಯ ತಿಂಗಳಲ್ಲಿ ಕುಬಸವಾಯಿತು, ಹಸಿರು ಬಳೆ ತೊಡಿಸಿದರು. ಕುಬಸ ಮುಗಿದ ಮೇಲೆ ತವರಿನವರು ಕರೆದೊಯ್ಯುವುದು ರೂಢಿ. ನನ್ನ ಅಣ್ಣ ಎಸ್ಟಿ ಬಸ್ಸಿನಲ್ಲಿ ಬಂದ, ಊಟ ಮಾಡಿದ, ಹಾಗೆಯೇ ವಾಪಸಾದ. ಇವರು ಅವನಿಗೆ ಹೇಳಿದ್ದು ಇಷ್ಟೇ: "ಗಾಡಿಗೆ ಬ್ಯಾರೆ ಇಂಜಿನ್ ಕೂಡ್ಲಿ, ನಾನ ಕರಕೊಂಡು ಬರ್ತೇನಿ." ನಾನು ತುಂಬಿಟ್ಟಿದ್ದ ಟ್ರಂಕು ಬಾಗಿಲ ಪಕ್ಕದಲ್ಲೇ ಉಳಿಯಿತು.

ಹಳೆಯದು ಮದುವೆಯ ದಿನವೇ ಕೈಬಿಟ್ಟಿತ್ತು; ಇನ್ನು ಯಾವ ಇಂಜಿನ್ ಕೂಡಿಸಬೇಕೆಂಬುದೇ ಜಗಳ. ಅಪ್ಪ ಅಣ್ಣನ ಕೈಯಲ್ಲಿ ಸುದ್ದಿ ಕಳಿಸಿದ್ದ: ಟ್ರಕ್ಕಿನ ಡೀಸೆಲ್ ಇಂಜಿನ್ ಹಾಕಿಸಿದರೆ ಘಾಟೇನು, ಗೋಡೆಯನ್ನೂ ಏರುತ್ತದೆ. ಆ ದಿನಗಳಲ್ಲಿ ಪೆಟ್ರೋಲಿನ ದೊಡ್ಡ ಗಾಡಿ ಇದ್ದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಮಾತು ಮಾವನ ಬಾಯಿಂದ ಬಂದದ್ದರಿಂದ ಇವರಿಗೆ ಮೈ ಉರಿದುಹೋಯಿತು.

"ಇದಕ್ಕ ಡೀಸೆಲ್ ಹಾಕೂದಂದ್ರ ತಾಲೀಮಿನ ಪೈಲ್ವಾನಗ ಸೀರಿ ಉಡಿಸಿದಂಗ. ಇದರ ಕಾಲದ್ದ, ಇದರ ಮನಿತನದ್ದ ಇಂಜಿನ್ ಬೇಕು. ಶಕ್ತಿ ಹೆಚ್ಚಿರ್ಲಿ, ಆದ್ರ ಅವತ್ತಿನ ಮಂದಿ ನೋಡಿದ್ರ ಗುರ್ತ ಹಿಡೀಬೇಕು."

ಅವತ್ತಿನ ಅಮೆರಿಕದ ಮಂದಿ ಇಚಲಕರಂಜಿಯ ನಮ್ಮ ಓಣಿಗೆ ಯಾಕೆ ಬರುತ್ತಾರೆ ಎಂದು ಕೇಳಿದೆ. ಇವರು ಬಟ್ಟೆ ತೆಗೆದುಕೊಂಡು ಕಾರಿನ ಮೂಗು ಒರೆಸತೊಡಗಿದರು.

ಕೊಲ್ಲಾಪುರದ ಒಬ್ಬ ಮಿಸ್ತ್ರಿ ಇವರಿಗೆ ತಕ್ಕ ಜೋಡಿಯಾಗಿದ್ದ. ಭಂಗಾರದ, ಅಂದರೆ ಗುಜರಿ ಸಾಮಾನಿನ, ಗೋದಾಮಿನಲ್ಲಿ ಅದೇ ಕಂಪನಿಯ, ಅದೇ ಕಾಲದ, ಇನ್ನೂ ದೊಡ್ಡ ಇಂಜಿನ್ನನ್ನು ಅವನು ಹುಡುಕಿ ತೆಗೆದ. ಅದು ಟೆಂಪೊದಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ನನ್ನ ಟ್ರಂಕಿನ ಪಕ್ಕ ಕೂತಿತು. ಮರುದಿನದಿಂದ ಜನ ಅದನ್ನು ನೋಡಲು ಬರತೊಡಗಿದರು. ಥೇಟ್ ಹೆಣ್ಣು ನೋಡುವ ಕಾರ್ಯಕ್ರಮ. ಒಬ್ಬ ಸುತ್ತ ತಿರುಗಿ ಹಿಂದಿನಿಂದ ನೋಡಿದ, ಒಬ್ಬ ಆವಾಜು ಹೇಗಿದೆ ಎಂದ, ಹುಪರಿಯಿಂದ ಬಂದ ಬೆಳ್ಳಿ ಕೆಲಸದವನೊಬ್ಬ ಕಾರ್ಬುರೇಟರಿಗೆ ಬೆಳ್ಳಿಯ ಜೆಟ್ ಮಾಡಿಕೊಡುತ್ತೇನೆಂದು ಅಳತೆ ತೆಗೆದುಕೊಂಡ. ಎಲ್ಲರಿಗೂ ಅವಲಕ್ಕಿ ಚಹಾ ಮಾಡಿದವಳು ನಾನು, ಹೊಟ್ಟೆ ಹೊತ್ತುಕೊಂಡು. ನನ್ನನ್ನು ನೋಡಲು ಬಂದಾಗಲೂ ಯಾರೂ ಇಷ್ಟು ವಿಚಾರಿಸಿರಲಿಲ್ಲ.

ಎಲ್ಲರೂ ಒಪ್ಪಿದರು ಎನ್ನುವಾಗ ನಮ್ಮತ್ತೆ ಅಡ್ಡಬಂದರು. ಇಂಜಿನ್ ಮೇಲೆ ಕೊರೆದ ನಂಬರನ್ನು ಓದಿ ಮಿಸ್ತ್ರಿ ಹೆಮ್ಮೆಯಿಂದ ಹೇಳಿದ್ದ, ಇದು ಕಾರಿಗಿಂತ ಎರಡು ವರ್ಷ ಮೊದಲಿನದು ಎಂದು.

"ಹಂಗಾರ ಬ್ಯಾಡ" ಎಂದರು ಅತ್ತೆ. "ಮನಿ ತುಂಬೂದು ಯಾವ್ದು? ಇಂಜಿನ್. ಅಂದ್ರ ಹೆಣ್ಣು ಅದ. ಗಂಡಿಗಿಂತ ಎರಡು ವರ್ಷ ದೊಡ್ಡ ಹೆಣ್ಣು ತಂದ್ರ ಗಂಡಿನ ಆಯುಷ್ಯಕ್ಕ ಛಲೋ ಅಲ್ಲ."

ಇವರು ನಗಬಹುದೆಂದು ಕಾದೆ. ಇವರು ಗಂಭೀರವಾಗಿ ಯೋಚನೆಗೆ ಬಿದ್ದರು. ಕಾರಿಗಿಂತ ವಯಸ್ಸಿನಲ್ಲಿ ಚಿಕ್ಕದು, ಆದರೆ ಕಾಲ ಮೀರದ್ದು, ಅಂಥ ಇನ್ನೊಂದು ಇಂಜಿನ್ ಸಿಕ್ಕೀತೇ ಎಂದು ಮಿಸ್ತ್ರಿಯನ್ನು ಮತ್ತೆ ಗೋದಾಮುಗಳಿಗೆ ಅಟ್ಟಿದರು. ಎರಡು ವಾರ ಹಾಗೆ ಹೋಯಿತು. ನನಗೆ ಒಂಬತ್ತನೆಯ ತಿಂಗಳು ಬಿತ್ತು. ಟ್ರಂಕಿನ ಮೇಲೆ ಮಗ್ಗದ ಹತ್ತಿ ಧೂಳು ಕೂತಿತ್ತು; ದಿನಾ ಒರೆಸುತ್ತಿದ್ದೆ, ದಿನಾ ಅಳು ಬರುತ್ತಿತ್ತು. ಅವ್ವನ ಕೈಯ ಎಣ್ಣೆನೀರು, ಅವ್ವನ ಬಾಣಂತನ, ಅದೊಂದೇ ನನಗೆ ಬೇಕಾಗಿತ್ತು. ಅಂಜಿಕೆಯೂ ಇತ್ತು, ಯಾರ ಮುಂದೆ ಹೇಳಲಿ.

ಮಿಸ್ತ್ರಿ ಬರಿಗೈಯಲ್ಲಿ ಬಂದ. ಆದರೆ ಬಾಯಿ ಬರಿದಾಗಿರಲಿಲ್ಲ. ಅತ್ತೆಯ ಮುಂದೆ ಕೂತು ಅರ್ಧ ಮರಾಠಿಯಲ್ಲಿ ಸಮಜಾಯಿಸಿದ: "ಆಯೀ, ಗಾಡೀದು ಮೊದಲನೇ ಇಂಜಿನ್ ಗೇಲಾ, ಸತ್ತ್ಹೋತು. ಅಂದ್ರ ಇದು ಎರಡನೇ ಸಂಬಂಧ. ಎರಡನೇ ಸಂಬಂಧಕ್ಕ ವಯಸ್ಸು ಕೋಣ್ ಬಘತೋ? ಯಾರು ನೋಡ್ತಾರ?"

ಅತ್ತೆ ಹೌದೆಂದರು. ಎದ್ದು ಹೋಗಿ ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಬೆಳಗಿದರು.

ಕೂಡಿಸಿದ ಮೇಲೆ ಗೊತ್ತಾಯಿತು, ಇಂಜಿನ್ ಎತ್ತರ, ಬಾನೆಟ್ ಮುಚ್ಚುವುದಿಲ್ಲ. ಬಾನೆಟ್ ಕೊರೆಯೋಣವೆಂದ ಮಿಸ್ತ್ರಿ. ಆ ಕಾಲದಲ್ಲಿ ಹಾಗಿರಲಿಲ್ಲವೆಂದು ಇವರು ಅದನ್ನು ಬಿಚ್ಚಿಯೇ ಇಟ್ಟರು. ಬಾನೆಟ್ಟೇ ಇಲ್ಲದ ಕಾರು ಯಾವ ಕಾಲದಲ್ಲಿತ್ತೋ ನಾನು ಕೇಳಲಿಲ್ಲ. ಅತ್ತೆ ಅದನ್ನು ಅಂಗಳದಲ್ಲಿ ಮಲಗಿಸಿ ಸಂಡಿಗೆ ಒಣಹಾಕಿದರು.

ಹೊರಡುವ ದಿನ ಬಂದಿತು. ನಸುಕಿನಲ್ಲೇ ತಲೆ ಬಾಚಿ, ಹೊಸ ಸೀರೆ ಉಟ್ಟು ಟ್ರಂಕಿನ ಮೇಲೆ ಕೂತೆ. "ಖಾಲಿ ಗಾಡಿ ಕಾಗಲ್‌ತನಾ ಓಡಿಸಿ ನೋಡ್ತೇವಿ, ತಾಸಿನ್ಯಾಗ ಬಂದ್ವಿ" ಎಂದು ಇವರು ಮಿಸ್ತ್ರಿಯ ಜೊತೆ ಹೋದರು. ತಾಸಾಯಿತು. ಮೂರು ತಾಸಾಯಿತು. ಮಧ್ಯಾಹ್ನಕ್ಕೆ ನನ್ನ ಸೊಂಟದಲ್ಲಿ ಸಣ್ಣಗೆ ನೋವು ಶುರುವಾಗಿತ್ತು. ಅತ್ತೆಗೆ ಹೇಳಿದೆ. ಅವರು ಒಮ್ಮೆ ರಸ್ತೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಮೊಳೆಗೆ ತೂಗುಹಾಕಿದ್ದ ಮನೆಯ ಕೀಲಿ ತೆಗೆದುಕೊಂಡರು.

"ನಡಿ. ಇಂಜಿನ್ ಏನ್ ಬಸರಿ ಅಲ್ಲ, ಅದು ತಡಕೊಂತೈತಿ."

ಆ ಮುದುಕಿಯ ಮೇಲೆ ನನಗೆ ಅಲ್ಲಿಯವರೆಗೆ ಇದ್ದ ಸಿಟ್ಟೆಲ್ಲ ಅವತ್ತೇ ಇಳಿಯಿತು. ಟ್ರಂಕನ್ನು ಇಬ್ಬರೂ ಹಿಡಿದು ಎಸ್ಟಿ ಹತ್ತಿದೆವು. ನಾನು ಕಾದು ಕೂತಿದ್ದ ಎರಡು ತಿಂಗಳೂ ಆ ಬಸ್ಸು ದಿನಾ ನಮ್ಮ ಓಣಿಯ ತುದಿಯಿಂದಲೇ ಹೋಗುತ್ತಿತ್ತು.

ಬಸ್ಸು ತವಂದಿ ಘಾಟು ಏರುವಾಗ ಎದುರಿನಿಂದ ಗುಡುಗು ಕೇಳಿತು. ಬಸ್ಸಿನ ಮಂದಿಯೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಬಾನೆಟ್ ಇಲ್ಲದ ಕಾರು ಘಾಟು ಇಳಿದು ಬರುತ್ತಿತ್ತು. ಸ್ಟೀರಿಂಗ್ ಹಿಡಿದ ಇವರ ತಲೆಯ ಮೇಲೆ ಗುಲಾಬಿ ಬಣ್ಣದ ಫೇಟಾ, ನಾನು ಕೂರಬೇಕಾದ ಜಾಗದಲ್ಲಿ ಮಿಸ್ತ್ರಿ, ಅವನಿಗೂ ಒಂದು ಫೇಟಾ, ತೊಡೆಯ ಮೇಲೆ ತೆಂಗಿನಕಾಯಿ. ಅಂಥ ಗುಲಾಬಿ ಫೇಟಾ ಕಟ್ಟಿ ಸತ್ಕಾರ ಮಾಡುವವ ಆ ರಸ್ತೆಯಲ್ಲಿ ಒಬ್ಬನೇ ಇದ್ದ, ನಮ್ಮಪ್ಪ. ಇವರು ನಮ್ಮ ಬಸ್ಸಿನ ಕಡೆ ನೋಡಲಿಲ್ಲ. ನಾನು ಕೂಗಲೂ ಇಲ್ಲ.

ಗಡಹಿಂಗ್ಲಜದಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತು ಓಣಿಯ ಮಂದಿಗೆ ಏನೋ ಹೇಳುತ್ತಿದ್ದ. ನಮ್ಮಿಬ್ಬರನ್ನು ಕಂಡು ಎದ್ದ. ಮುಖ ಅರಳಿತ್ತು.

"ಅಳಿಯ ಬಂದಿದ್ದ. ಕಾಗಲ್ ದಾಟಿದ ಮ್ಯಾಲೆ ಗಾಡಿ ನಿಲ್ಲಿಸಾಕ ಮನಸ ಆಗಲಿಲ್ಲಂತ, ಹಂಗ ಘಾಟ್ ಏರಿಸಿ ಬಂದಾನ. ನಾನೂ ಒಂದು ರೌಂಡ್ ಹೊಡದ್ನಿ. ಇಂಜಿನ್ ಭಾಳ ಛಲೋ ಒಪ್ಪೇತಿ. ಡೀಸೆಲ್ ಅಂದದ್ದು ನಂದ ತಪ್ಪು."

"ನಾ ಎಲ್ಲಿ ಅಂತ ಕೇಳಲಿಲ್ಲೇನು?" ಎಂದೆ.

ಅಪ್ಪ ಟ್ರಂಕು ಎತ್ತಿಕೊಳ್ಳಲು ಬಗ್ಗಿದ. ಒಳಗಿನಿಂದ ಅವ್ವ ಹೇಳಿದಳು, "ಕೇಳ್ಯಾರ. ಮೂರನೇ ಕಪ್ ಚಹಾ ಆದಮ್ಯಾಲೆ. ಆವಾಗ ಇಬ್ಬರಿಗೂ ನೆನಪಾತು."

ನಾನು ಹೊಸ್ತಿಲಲ್ಲೇ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ನೋವಿಗಲ್ಲ, ಸಿಟ್ಟಿಗೆ. ಅವ್ವ ಬಂದು ಕೈಹಿಡಿದು ಎಬ್ಬಿಸಿದಳು, ಹಂಡೆಯಲ್ಲಿ ನೀರು ಕಾಯುತ್ತಿತ್ತು.

ಮೂರನೆಯ ದಿನ ಮಗಳು ಹುಟ್ಟಿದಳು. ಇವರು ಬಸ್ಸಿನಲ್ಲಿ ಬಂದರು. ಕಾರು ಬಿಸಿಯಾಗಿ ಇಚಲಕರಂಜಿಯ ಮನೆಯ ಮುಂದೆ ನಿಂತದ್ದು ಅಲುಗಿರಲಿಲ್ಲವಂತೆ. ಪಂತದ ಮಾತನ್ನು ಯಾರೂ ಎತ್ತಲಿಲ್ಲ. ಎಂಬತ್ತರ ದಶಕದಲ್ಲಿ ಮುರಗೂಡದ ಒಬ್ಬರು ಕಾರನ್ನು ಮದುವೆ ಮೆರವಣಿಗೆಯ ವರಾತಿಗೆಂದು ಕೊಂಡು ಒಯ್ದರು. ಬಾನೆಟ್ ನಮ್ಮಲ್ಲೇ ಉಳಿಯಿತು, ಸಂಡಿಗೆಗೆ.

ಈಗಲೂ ಮನೆಗೆ ಯಾರಾದರೂ ಬಂದರೆ ಇವರು ಮಗಳನ್ನು ತೋರಿಸಿ, ಅದೇ ದೊಡ್ಡ ದನಿಯಲ್ಲಿ, "ಈಕೀ ಹೆರಿಗಿಗೆ ಇವರವ್ವನ್ನ ಆ ಗಾಡಿಯೊಳಗ ಘಾಟ್ ಏರಿಸಿ ತವರಿಗೆ ಮುಟ್ಟಿಸಿದ್ನಿ" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಹಾಗೆಯೇ ನಂಬಿದ್ದಾರೆ. ಪ್ರತಿ ಸಲವೂ ನಾನು ಅಡುಗೆಮನೆಯಿಂದ, ಅದರಲ್ಲಿ ನಾನು ಇರಲಿಲ್ಲ ಎಂದು ತಿದ್ದುತ್ತೇನೆ. ಹೋದ ಸಲ ಮಾತ್ರ ಇವರು ತಲೆದೂಗಿ ಒಪ್ಪಿಕೊಂಡರು.

"ಹೌದು. ನೀ ಇದ್ದಿದ್ರ ಅದು ಘಾಟ್ ಏರ್ತಿರಲಿಲ್ಲ."