ಎರಡು ಏಟಿಗೆ ಒಂದು ಏಟು

ದೆವ್ವದ ಮಾತು ಎತ್ತಿದವರ ಎದುರೇ ನಗುತ್ತಿದ್ದವಳು ನಾನು. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ನಮ್ಮ ಮನೆಯವರು ಆದೋನಿಯಲ್ಲಿ ಬೀದಿಗಳಿಗೆ ನೀರು ಬಿಡುವ ಕೆಲಸದಲ್ಲಿದ್ದರು. ನಮ್ಮ ಬೀದಿಯ ಸರದಿ ಮಧ್ಯಾಹ್ನ ಒಂದು ಗಂಟೆಗೆ. ವಾಲ್ವ್ ತಿರುಗಿಸುವ ಮೊದಲು ಕಬ್ಬಿಣದ ಪೈಪಿಗೆ ಸ್ಪ್ಯಾನರಿನಿಂದ ಎರಡು ಏಟು ಹಾಕುವರು. ಆ ಸದ್ದು ನೆಲದೊಳಗೇ ಹಾದು ನಮ್ಮ ನಲ್ಲಿಯಲ್ಲಿ ಟಕ್ ಟಕ್ ಎನ್ನುವುದು. ಕೊಡ ಇಡು ಎಂದರ್ಥ. ನಾನು ಸೌಟಿನಿಂದ ನಲ್ಲಿಗೆ ಒಂದು ಏಟು ಹಾಕುವೆ. ಕೇಳಿತು ಎಂದರ್ಥ. ಅದಾದ ಮೇಲೇ ನೀರು.

ಆಲೂರಿನಲ್ಲಿ ನನ್ನ ತಂಗಿಯ ಮದುವೆ. ಅವರು ರಜೆ ಕೇಳಿರಲಿಲ್ಲ. ನನಗೆ ಸಿಟ್ಟು. ಅವತ್ತು ಎರಡು ಏಟು ಕೇಳಿದರೂ ಸೌಟು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಏಟು. ಆಗಲೂ ಮುಟ್ಟಲಿಲ್ಲ. ಸಂಜೆ ಎದೆನೋವು ಬಂದು ಹೋಗಿಬಿಟ್ಟರು.

ಅವರ ಬದಲಿಗೆ ನನಗೆ ಆಫೀಸಿನಲ್ಲಿ ಕೆಲಸ ಕೊಟ್ಟರು. ಕೆಲವು ವರ್ಷದ ಮೇಲೆ ಪೈಪುಗಳಿಗೆ ಸಣ್ಣ ಪೆಟ್ಟಿಗೆಗಳನ್ನು ಕೂರಿಸಿದರು. ನೆಲದೊಳಗೆ ಎಲ್ಲಿ ಸೋರಿದರೂ ಆ ಸದ್ದನ್ನು ಅವು ತಂತಿಯಿಲ್ಲದೆ ಕಂಪ್ಯೂಟರಿಗೆ ಕಳಿಸುತ್ತವೆ. ಇಯರ್‌ಫೋನಿನಲ್ಲಿ ಕೇಳಿ ದೂರು ಬರೆಯುವುದು ನನ್ನ ಪಾಲಿನ ಕೆಲಸ.

ಒಂದು ಮಧ್ಯಾಹ್ನ, ಒಂದು ಗಂಟೆಗೆ, ಕಂಪ್ಯೂಟರಿನಲ್ಲಿ ನಮ್ಮ ಬೀದಿಯ ಗುರುತು ಕೆಂಪಾಯಿತು. ಈಗ ಅಲ್ಲಿಗೆ ಬೆಳಿಗ್ಗೆ ನೀರು. ಮಧ್ಯಾಹ್ನದ ಹೊತ್ತಿಗೆ ಪೈಪು ಖಾಲಿ. ಇದೆಂಥ ಸೋರಿಕೆ ಎಂದು ಕಿವಿಗಿಟ್ಟುಕೊಂಡೆ. ಟಕ್ ಟಕ್. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಟಕ್.

ದೂರು ಬರೆದರೆ ಅಗೆದು ಪ್ಲಾಸ್ಟಿಕ್ ಪೈಪು ಹಾಕುತ್ತಾರೆ. ಅದರಲ್ಲಿ ಏಟಿನ ಸದ್ದು ದೂರ ಹೋಗುವುದಿಲ್ಲ. ಎರಡು ದಿನ ಬರೆಯಲಿಲ್ಲ. ತಪ್ಪು, ಗೊತ್ತು. ಒಂದು ಗಂಟೆಗೆ ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದೆ, ಬರುತ್ತಿತ್ತು. ಮೂರನೆಯ ಬೆಳಿಗ್ಗೆ ಎದುರುಮನೆಯ ಹನುಮಕ್ಕ ಖಾಲಿ ಕೊಡ ತೋರಿಸಿ, "ನೀಳ್ಳು ರಾಲೇದಮ್ಮಾ, ನೀರೇ ಬಂದಿಲ್ಲ. ನೀನು ಆಫೀಸಿನಾಗ ಇದ್ದೂ ಹಿಂಗಾದ್ರ ಹೆಂಗ?" ಎಂದಳು. ನಾಚಿಕೆಯಾಯಿತು. ಹೋದವಳೇ ದೂರು ಬರೆದೆ.

ಇಯರ್‌ಫೋನನ್ನು ಜೊತೆಗೆ ಕೆಲಸ ಮಾಡುವ ಸುಂಕಣ್ಣನ ಕೈಗೆ ಕೊಟ್ಟು, ಒಂದು ಗಂಟೆ ಹೊಡೆಯುವ ಮೊದಲೇ ಮನೆಗೆ ಬಂದು, ಸೌಟು ಹಿಡಿದು ನಲ್ಲಿಯ ಮುಂದೆ ಕುಳಿತೆ. ನನಗೇನೂ ಕೇಳಿಸಲಿಲ್ಲ. ಫೋನಿನಲ್ಲಿ ಸುಂಕಣ್ಣ, "ಎರಡು ಏಟು ಬಂದ್ವು ನೋಡ್ರಿ ಅಕ್ಕಾ," ಎಂದ.

ನಾನು ಒಂದು ಏಟು ಹಾಕಿದೆ.

"ಈಗ ಒಂದು ಬಂತು," ಎಂದ. ಬಹಳ ಹೊತ್ತಿನ ಮೇಲೆ, "ನಿಂತೈತಿ ಅಕ್ಕಾ. ಏನೂ ಇಲ್ಲ."

ಖಾಲಿ ನಲ್ಲಿ ಒಮ್ಮೆ ಕೆಮ್ಮಿ ಒಂದು ಬೊಗಸೆ ನೀರು ಬಿಟ್ಟಿತು.

ಅಗೆದಾಗ ಪೈಪು ನಿಜಕ್ಕೂ ಸೀಳಿಹೋಗಿತ್ತು. ಒಳಗೆ ಸಿಕ್ಕಿಕೊಂಡ ಗಾಳಿ ಹಾಗೆ ಬಡಿಯುತ್ತದೆ ಎಂದರು ಎಂಜಿನಿಯರು. ಹನುಮಕ್ಕನೂ ಗಾಳಿಯೇ ಎಂದಳು. ಆಕೆ ಹೇಳುವ ಗಾಳಿ ಬೇರೆ. ಆದರೆ ಅಗೆದದ್ದು ನಾನು ಏಟು ಹಾಕಿ ವಾರವಾದ ಮೇಲೆ. ಆ ವಾರವೆಲ್ಲ ಒಂದು ಗಂಟೆಗೆ ಕಿವಿಗಿಟ್ಟುಕೊಂಡು ಕೂತೆ. ಯಾವ ಗಾಳಿಯೂ ಬಡಿಯಲಿಲ್ಲ.

ನಮ್ಮ ಮನೆಯವರಿಗೆ ಕೇಳಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಹಿಂದೆಯೇ ಇನ್ನೊಂದು ಯೋಚನೆ ಬರುತ್ತದೆ. ಆ ಒಂದು ಏಟು ಹಾಕದೆ ಇದ್ದಿದ್ದರೆ, ಇವತ್ತಿಗೂ ಒಂದು ಗಂಟೆಗೆ ನನ್ನನ್ನು ಕರೆಯುತ್ತಿದ್ದರೇನೋ.